ಬೆಳ್ಳಕ್ಕಿಯ ಕಪ್ಪು ಛತ್ರಿ

ಮನೆಯಿಂದ ಹೊರಡುವ ಮುಂಚೆ ಅವಳು ಕಿವಿಗೆ ಮುಲಾಮು ಹಚ್ಚಿಕೊಳ್ಳುತ್ತಾಳೆ. ಮುಖಕ್ಕೆ, ಕುತ್ತಿಗೆಗೆ, ಮುಂಗೈಗೆ ಹಚ್ಚಿಕೊಳ್ಳುವುದು ಯಾರಿಗಾದರೂ ನೆನಪಾದೀತು, ಕಿವಿ ಮಾತ್ರ ಮರೆತುಹೋಗುತ್ತದೆ. ಕಿವಿಯ ಮೇಲಂಚು, ಅದರ ಹಿಂಬದಿ, ಬೈತಲೆಯ ಗೆರೆ, ಬಿಸಿಲು ಹುಡುಕಿಕೊಂಡು ಬಂದು ಕಚ್ಚುವುದು ಅಲ್ಲೇ. ಮೋಡ ಮುಚ್ಚಿದ ದಿನವೂ ಅವಳು ಇದನ್ನು ಬಿಡುವುದಿಲ್ಲ. ಜ್ವರ ಬಂದು ಕೆಲಸಕ್ಕೆ ರಜೆ ಹಾಕಿದ ದಿನ, ಬೀದಿ ತುದಿಯ ಅಂಗಡಿಯಿಂದ ಹಾಲು ತರಬೇಕೆಂದರೂ ಮೊದಲು ಮುಲಾಮು, ಆಮೇಲೆ ಚಪ್ಪಲಿ, ಕೊನೆಗೆ ಬಾಗಿಲ ಹಿಂದೆ ತೂಗುಹಾಕಿದ ಕಪ್ಪು ಛತ್ರಿ. ಬೆರಳು ಕಿವಿಯ ಹಿಂದೆ ಸುತ್ತುವಾಗಲೆಲ್ಲ ಅಮ್ಮನ ದನಿ ಕೇಳಿದಂತಾಗುತ್ತದೆ. ಚಿಕ್ಕಂದಿನಲ್ಲಿ ಶಾಲೆಗೆ ಕಳಿಸುವಾಗ ಅಮ್ಮ ಹೇಳುತ್ತಿದ್ದುದು ಒಂದೇ ಮಾತು. ಚೆನ್ನಾಗಿ ಓದು ಅಂತಲ್ಲ, ಜಗಳ ಆಡಬೇಡ ಅಂತಲೂ ಅಲ್ಲ. "ಕಿವಿ ಮರೀಬೇಡ."

ಅವಳು ಹುಟ್ಟಿದ್ದೇ ಹಾಗೆ. ಚರ್ಮಕ್ಕೆ, ಕೂದಲಿಗೆ, ಕಣ್ಣಿಗೆ ಬಣ್ಣ ಕೊಡುವ ಅಂಶ ದೇಹದೊಳಗೆ ತಯಾರಾಗಲೇ ಇಲ್ಲ. ಕೂದಲು ಎಳೆ ಮುಸುಕಿನ ಜೋಳದ ತೆನೆಯ ನವಿರಿನ ಹಾಗೆ. ಹುಬ್ಬು, ರೆಪ್ಪೆಗಳಿಗೂ ಅದೇ ಬಣ್ಣ, ಹಾಗಾಗಿ ದೂರದಿಂದ ನೋಡಿದವರಿಗೆ ಅವು ಇಲ್ಲವೇ ಇಲ್ಲ ಅನ್ನಿಸುತ್ತದೆ. ಬೂದು ಬಣ್ಣದ ಕಣ್ಣುಗಳು ನಿಂತಲ್ಲಿ ನಿಲ್ಲದೆ ಅತ್ತಿತ್ತ ಸಣ್ಣಗೆ ತೂಗಾಡುತ್ತವೆ. ಬೆಳಕು ಹೆಚ್ಚಾದರೆ ನೀರು ಸುರಿಯುತ್ತದೆ, ದೂರದ್ದೆಲ್ಲ ಕಲಸಿಹೋಗುತ್ತದೆ. ಶಾಲೆಯಲ್ಲಿ ಕಪ್ಪುಹಲಗೆ ಕಾಣುತ್ತಿರಲಿಲ್ಲ. ಅವಳು ಮುಂದಿನ ಬೆಂಚಿನಲ್ಲಿ ಕೂತು, ಪಕ್ಕದವಳ ಪುಸ್ತಕಕ್ಕೆ ಮೂಗು ತಾಗಿಸಿ ಬರೆದುಕೊಳ್ಳುತ್ತಿದ್ದಳು. ಪಕ್ಕದವಳಿಗೆ ಬೇಜಾರಾದ ದಿನ ಓದೂ ಇಲ್ಲ, ಬರಹವೂ ಇಲ್ಲ.

ಈಗ ಅವಳು ಕೆಲಸ ಮಾಡುವುದು ಒಂದು ಲಾಂಡ್ರಿಯಲ್ಲಿ, ರಫೂ ಮೇಜಿನಲ್ಲಿ. ಹರಿದ ಬಟ್ಟೆ, ಸಿಗರೇಟಿನ ಕಿಡಿ ಬಿದ್ದು ತೂತಾದ ಕೋಟು, ಇಲಿ ಕಡಿದ ಶಾಲು ಅಲ್ಲಿಗೆ ಬರುತ್ತವೆ. ಹರಿದಿತ್ತು ಎಂಬುದೇ ತಿಳಿಯದ ಹಾಗೆ ಎಳೆಗೆ ಎಳೆ ಕೂಡಿಸಿ ಅವಳು ವಾಪಸು ಕೊಡುತ್ತಾಳೆ. ಮುಂದಿನ ಕೌಂಟರಿನಲ್ಲಿ ಬೆಳಕು ಕಣ್ಣು ಚುಚ್ಚುವುದರಿಂದ ಅವಳ ಮೇಜು ಹಿಂದಿನ ಗೋಡೆಗೆ ಮುಖ ಮಾಡಿದೆ. ಒಂದು ಸಣ್ಣ ದೀಪ ಬೆನ್ನ ಹಿಂದಿನಿಂದ ಬೆಳಕು ಬೀರುತ್ತದೆ. ಬಟ್ಟೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರೆ ಅವಳಿಗೆ ಒಂದೊಂದು ಎಳೆಯೂ ಹಗ್ಗದಂತೆ ಕಾಣುತ್ತದೆ. ಹೊಸ ಗಿರಾಕಿಗಳು ಕೌಂಟರಿನಿಂದ ಇಣುಕಿ ನೋಡಿ, ಈಕೆ ತಮ್ಮ ಬಟ್ಟೆ ಮೂಸುತ್ತಿದ್ದಾಳೆ ಎಂದು ಮುಖ ಸಿಂಡರಿಸುವುದೂ ಉಂಟು.

ಪಕ್ಕದಲ್ಲೇ ಇಸ್ತ್ರಿ ಮಾಡುವ ಮುದುಕನಿಗೆ ಇದೇ ದಿನದ ತಮಾಷೆ. "ಏನಮ್ಮ ಬೆಳ್ಳಕ್ಕಿ, ಸಾಹೇಬರ ಕೋಟು ಏನಂತಿದೆ? ರಾತ್ರಿ ಏನು ತಿಂದ್ರಂತೆ?"

"ಅದೇನೂ ಹೇಳ್ತಿಲ್ಲ. ಇಸ್ತ್ರಿಯವನು ಕಾಲರ್ ಸುಟ್ಟ ಅಂತ ಅಳ್ತಿದೆ."

ಬೆಳ್ಳಕ್ಕಿ ಎಂಬ ಹೆಸರು ಇಟ್ಟವನೂ ಅವನೇ. ಬೀದಿಯಲ್ಲಿ, ಶಾಲೆಯಲ್ಲಿ ಅವಳಿಗೆ ಬೇಕಾದಷ್ಟು ಹೆಸರು ಬಿದ್ದಿದ್ದವು. ಅವನ ಬಾಯಲ್ಲಿ ಬಂದ ಹೆಸರಿಗೆ ಮಾತ್ರ ಮುಳ್ಳಿರಲಿಲ್ಲ, ಅದಕ್ಕೇ ಅದು ನಿಂತಿತು. ಅವಳಿಗೆ ರಫೂ ಕೆಲಸದ ಗುಟ್ಟು ಹೇಳಿಕೊಟ್ಟವಳು ಅವನ ತೀರಿಹೋದ ಹೆಂಡತಿ. ತೂತು ಮುಚ್ಚಲು ಅಂಗಡಿಯ ದಾರ ತರಬಾರದು, ಎಷ್ಟೇ ಹೊಂದಿಸಿದರೂ ಅದು ನಾಲ್ಕು ದಿನಕ್ಕೆ ಬೇರೆಯಾಗಿ ಕಾಣುತ್ತದೆ. ಅದೇ ಬಟ್ಟೆಯ ಅಂಚು ಬಿಚ್ಚಿ, ಒಳಗೆ ಮಡಿಚಿ ಹೊಲಿದ ಭಾಗದಿಂದ ಎಳೆ ತೆಗೆಯಬೇಕು. ಬಟ್ಟೆ ತನ್ನ ಹೊಟ್ಟೆಯಲ್ಲಿ ಏನೇನು ಬಚ್ಚಿಟ್ಟುಕೊಂಡಿರುತ್ತದೋ ಹೊರಗಿನವರಿಗೆ ಗೊತ್ತಾಗುವುದೇ ಇಲ್ಲ ಎಂದು ಆಕೆ ಹೇಳುತ್ತಿದ್ದಳು.

ಬೆಳ್ಳಕ್ಕಿಯ ತಾಯಿ ಮೆತ್ತಗಿನ ಹೆಂಗಸು. ಮಗಳು ಹುಟ್ಟಿದ ದಿನದಿಂದ ಅವಳು ಕೇಳಿಕೊಂಡು ಬಂದ ಮಾತು, ನಮ್ಮ ಮನೆತನದಲ್ಲಿ ಇಂಥದ್ದು ಇಲ್ಲ, ನೀನೇ ತಂದದ್ದು ಎಂದು. ಗಂಡನ ತಾಯಿ ಹೇಳಿದಳು, ಗಂಡನ ಅಕ್ಕಂದಿರು ಹೇಳಿದರು, ಕೊನೆಗೆ ಯಾರೂ ಹೇಳದಿದ್ದರೂ ಅವಳೇ ತನಗೆ ಹೇಳಿಕೊಂಡಳು. ಗಂಡ ಕೆಟ್ಟವನಲ್ಲ. ಆದರೆ ಆ ಮಾತು ಬಂದಾಗಲೆಲ್ಲ ಎದ್ದು ಅಂಗಳಕ್ಕೆ ಹೋಗಿಬಿಡುತ್ತಿದ್ದ. ಸಾಯುವವರೆಗೂ ಆತ ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಅಮ್ಮ ಪ್ರತಿದಿನ ಬೆಳಿಗ್ಗೆ ಕಣ್ಣುಮುಚ್ಚಿ ಕೈಮುಗಿದು ನಿಲ್ಲುವಾಗ ಬೇಡುತ್ತಿದ್ದುದೇನೆಂದು ಮಗಳಿಗೆ ಗೊತ್ತಿತ್ತು. ನನ್ನ ತಪ್ಪಿಗೆ ಅವಳನ್ನು ಸುಡಬೇಡ.

ಬೆಳ್ಳಕ್ಕಿಯ ತಮ್ಮ ಎಲ್ಲರ ಹಾಗೆ ಕಪ್ಪು ಕೂದಲಿನವನು. ಅವನ ಮದುವೆಯ ಮಾತು ಬಂದಾಗ ಅಮ್ಮ ಹೊರಗಿನ ಸಂಬಂಧ ಬೇಡವೆಂದು ಹಟ ಹಿಡಿದಳು. ಅವಳ ಲೆಕ್ಕಾಚಾರ ಇಷ್ಟೇ. ಹೊರಗಿನಿಂದ ಬಂದವಳು ಮೊದಲ ದಿನವೇ ಮನೆಯ ಮಗಳನ್ನು ನೋಡಿ ಮೂಗು ಮುರಿದಾಳು, ತನ್ನ ಅಣ್ಣನ ಮಗಳಾದರೆ ಚಿಕ್ಕಂದಿನಿಂದ ನೋಡಿ ಒಗ್ಗಿದವಳು, ಬೆಳ್ಳಕ್ಕಿಗೆ ಒಂದು ಮಾತು ಅನ್ನಲಾರಳು. ಹಾಗೆಯೇ ಆಯಿತು. ಬಂದ ಹುಡುಗಿ ತಣ್ಣಗಿನ ಸ್ವಭಾವದವಳು. ಅತ್ತಿಗೆ ಅತ್ತಿಗೆ ಎಂದು ಹಿಂದೆ ಮುಂದೆ ಸುತ್ತುತ್ತಿದ್ದಳು, ಮುಲಾಮಿನ ಡಬ್ಬಿ ಮುಗಿಯುತ್ತಾ ಬಂದರೆ ಹೇಳದೆಯೇ ತಂದಿಡುತ್ತಿದ್ದಳು. ಅಮ್ಮ ಬಹಳ ವರ್ಷಗಳ ಮೇಲೆ ನಿರಾಳವಾಗಿ ಉಸಿರುಬಿಟ್ಟಳು.

ಆ ಹುಡುಗಿ ಬಸುರಿಯಾದಳು. ಅಕ್ಕಪಕ್ಕದವರ ಬಾಯಿ ತೆರೆಯಿತು. ಬಸುರಿ ಹೆಂಗಸು ಯಾರ ಮುಖ ಹೆಚ್ಚು ನೋಡುತ್ತಾಳೋ ಮಗು ಹಾಗೆ ಹುಟ್ಟುತ್ತದೆ, ಮನೆಯಲ್ಲೇ ಇಟ್ಟುಕೊಂಡಿದ್ದೀರಲ್ಲ ಎಂದು ಒಬ್ಬಳು ಪಿಸುಗುಟ್ಟಿದಳು. ಇನ್ನೊಬ್ಬಳು ಹಾಲಿನ ಪುಡಿ ಕಂಪನಿಯ ಕ್ಯಾಲೆಂಡರ್ ಒಂದನ್ನು ತಂದುಕೊಟ್ಟಳು. ಅದರಲ್ಲಿ ತಲೆತುಂಬ ಕಪ್ಪು ಗುಂಗುರು ಕೂದಲಿನ, ಗುಂಡು ಕೆನ್ನೆಯ ಒಂದು ಕೂಸು ನಗುತ್ತಿತ್ತು. ಅಮ್ಮ ಅದನ್ನು ಸೊಸೆಯ ಮಂಚದ ಎದುರಿಗೇ ನೇತುಹಾಕಿದಳು. ತಿಂಗಳು ಕಳೆದರೂ ಹಾಳೆ ತಿರುಗಿಸಲು ಬಿಡಲಿಲ್ಲ. ಆ ಕೋಣೆಯಲ್ಲಿ ಹೆರಿಗೆಯವರೆಗೂ ಒಂದೇ ತಿಂಗಳು ನಡೆಯಿತು.

ಒಂದು ಸಂಜೆ ಅಡುಗೆಮನೆಯಲ್ಲಿ ಬಟಾಣಿ ಬಿಡಿಸುತ್ತಾ ಅಮ್ಮ ಮಗಳ ಕಡೆ ನೋಡದೆ ಮಾತು ತೆಗೆದಳು. ಜನ ಏನಂತಾರೆ ಅಂತ ನಿನಗೇ ಗೊತ್ತಲ್ಲ, ಹೆರಿಗೆ ಆಗೋವರೆಗೆ ಸ್ವಲ್ಪ ಬೇರೆ ಕಡೆ ಇದ್ದರೆ, ಎಂದು ಅಲ್ಲಿಗೇ ನಿಲ್ಲಿಸಿದಳು. ಬೆಳ್ಳಕ್ಕಿಯ ಕೈಯಲ್ಲಿದ್ದ ಬಟಾಣಿ ಸಿಪ್ಪೆ ಹಾಗೇ ಉಳಿಯಿತು.

"ನೀನು ಇದನ್ನೆಲ್ಲ ನಂಬ್ತೀಯಾ ಅಮ್ಮ?"

"ನಂಬಿಕೆ ಅಲ್ಲ ಕಣೇ," ಅಂದಳು ಅಮ್ಮ. "ಹೆದರಿಕೆ."

ನಂಬಿಕೆಯಾಗಿದ್ದರೆ ಬೆಳ್ಳಕ್ಕಿ ವಾದ ಮಾಡುತ್ತಿದ್ದಳೇನೋ. ಹೆದರಿಕೆಗೆ ಏನು ಹೇಳುವುದು? ಮರುದಿನ ಲಾಂಡ್ರಿಯ ಹಿಂದಿನ ಓಣಿಯಲ್ಲಿ, ಮೆಟ್ಟಿಲು ಹತ್ತಿಹೋಗುವ ಒಂಟಿ ಕೋಣೆಯೊಂದನ್ನು ಇಸ್ತ್ರಿಯವನೇ ಹುಡುಕಿಕೊಟ್ಟ. ನಲ್ಲಿಯಲ್ಲಿ ಬೆಳಗಿನ ಹೊತ್ತು ಮಾತ್ರ ನೀರು. ಕಿಟಕಿ ಪಶ್ಚಿಮಕ್ಕೆ. ಇಳಿಬಿಸಿಲು ನೇರ ಒಳಗೆ ನುಗ್ಗುತ್ತಿದ್ದುದರಿಂದ ಹಳೆಯ ಕಂಬಳಿಯೊಂದನ್ನು ಪರದೆ ಮಾಡಿಕೊಂಡಳು. ಯಾಕೆ ಮನೆ ಬಿಟ್ಟೆ ಎಂದು ಇಸ್ತ್ರಿಯವನು ಒಮ್ಮೆಯೂ ಕೇಳಲಿಲ್ಲ. ಮಧ್ಯಾಹ್ನದ ಊಟದ ಡಬ್ಬಿಯಲ್ಲಿ ಒಂದು ಪಾಲು ಹೆಚ್ಚು ತರಲು ಶುರುಮಾಡಿದ, ಅಷ್ಟೇ.

ಮೊದಮೊದಲು ಬೆಳ್ಳಕ್ಕಿಗೆ ಸಂಜೆಗಳು ಕಳೆಯುತ್ತಿರಲಿಲ್ಲ. ಬೀದಿಯಲ್ಲಿ ಯಾರೋ ಏನೋ ಅಂದರೆ ಛತ್ರಿ ಸ್ವಲ್ಪ ತಗ್ಗಿಸಿಕೊಂಡು ಹೋಗಿಬಿಡಬಹುದು. ಕಿವಿಗೆ ಮುಲಾಮು ಹಚ್ಚಿದ ಕೈಯೇ ಹೋಗು ಅಂದರೆ ಯಾವ ಛತ್ರಿ ತಗ್ಗಿಸುವುದು? ಆಮೇಲಾಮೇಲೆ ಅಭ್ಯಾಸವಾಯಿತು. ತನ್ನ ಬೀಗ, ತನ್ನ ಕೀಲಿ, ತನಗೆ ಬೇಕಾದಷ್ಟೇ ಬೆಳಕು. ಯಾರಾದರೂ ನೆಂಟರು ಬಂದಾರೆಂದು ಒಳಕೋಣೆಗೆ ಸರಿಯಬೇಕಾಗಿಲ್ಲ. ಚಿಕ್ಕಂದಿನಿಂದ ತಾನು ಹಾಗೆ ಸರಿಯುತ್ತಲೇ ಬಂದಿದ್ದೆ ಎಂಬುದು ಅವಳಿಗೆ ತಿಳಿದದ್ದೂ ಆ ಕೋಣೆಯಲ್ಲೇ.

ಒಂದು ದಿನ ಮಧ್ಯಾಹ್ನ ಲಾಂಡ್ರಿಗೆ ಫೋನ್ ಬಂತು. ತಮ್ಮ. "ಅಕ್ಕ, ಹೆಣ್ಣು ಮಗು," ಅಂದ. "ನಿನ್ನ ಹಾಗೇ ಇದೆ."

ಒಂದು ಗಳಿಗೆ ಬೆಳ್ಳಕ್ಕಿಯ ಎದೆಯಲ್ಲಿ ಏನೋ ಗೆದ್ದಂತಾಯಿತು. ಕ್ಯಾಲೆಂಡರಿನ ಕೂಸನ್ನು ನೋಡಿ ನೋಡಿ ಏನಾಯಿತು ಈಗ? ಮರುಗಳಿಗೆಯೇ, ದೇವರೇ ತಪ್ಪಾಯಿತು ಎಂದು ಮನಸ್ಸಿನಲ್ಲೇ ಕೆನ್ನೆಗೆ ಹೊಡೆದುಕೊಂಡಳು. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಕಿವಿಗೆ ಮುಲಾಮು ಹಚ್ಚಿ, ಛತ್ರಿ ತೆಗೆದುಕೊಂಡು ಆಸ್ಪತ್ರೆಗೆ ಹೊರಟಳು.

ಅಮ್ಮ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಒಳಗೆ ಹೋಗಲು ಕಾಲು ಬರುತ್ತಿಲ್ಲ ಅಂದಳು. ಸೊಸೆಯ ಮುಖ ಹೇಗೆ ನೋಡಲಿ, ಇವಳನ್ನೂ ನನ್ನ ಹಾಗೆಯೇ ಬಾಳಿಡೀ ಕೊರೆಯುತ್ತಾರೆ, ನನ್ನ ತವರಿನ ರಕ್ತವೇ ಕೆಟ್ಟದ್ದು ಎಂದು ಒಂದೇ ಸಮನೆ ಗೊಣಗುತ್ತಿದ್ದಳು. ಒಳಗೆ ಮಗು ಕಿರುಚುತ್ತಿತ್ತು.

ಬೆಳ್ಳಕ್ಕಿ ಒಳಗೆ ಹೋದಳು. ತಮ್ಮನ ಹೆಂಡತಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಮಂಚದ ಪಕ್ಕದ ತೊಟ್ಟಿಲಲ್ಲಿ ಹತ್ತಿಯಂಥ ಕೂದಲಿನ ಕೂಸು ಕಣ್ಣು ಗಟ್ಟಿಯಾಗಿ ಮುಚ್ಚಿ, ಕೆಂಪಗಾಗಿ ಅಳುತ್ತಿತ್ತು. ಹಾಲು ಕೊಟ್ಟಾಯಿತು, ಬಟ್ಟೆ ಬದಲಾಯಿಸಿಯಾಯಿತು, ಏನು ಮಾಡಿದರೂ ನಿಲ್ಲಿಸುತ್ತಿಲ್ಲ ಎಂದಳು ನರ್ಸ್. ಎದುರಿನ ದೊಡ್ಡ ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ತೊಟ್ಟಿಲ ಮೇಲೆ ಬಿದ್ದಿತ್ತು. ಬಾಗಿಲು ದಾಟುತ್ತಲೇ ಬೆಳ್ಳಕ್ಕಿಯ ಕಣ್ಣಲ್ಲೂ ನೀರು ತುಂಬಿ ಏನೂ ಕಾಣದಾಗಿತ್ತು. ಕಿಟಕಿಯ ಪರದೆ ಎಳೆದರೆ ಅದು ಸೊಳ್ಳೆಪರದೆಯಷ್ಟು ತೆಳು. ಅವಳು ಮತ್ತೇನೂ ಯೋಚಿಸದೆ, ಕೈಯಲ್ಲಿದ್ದ ಛತ್ರಿಯನ್ನು ಬಿಚ್ಚಿ ತೊಟ್ಟಿಲ ಮೇಲೆ ಹಿಡಿದಳು.

"ಅಯ್ಯೋ, ಒಳಗೆ ಮಳೆ ಬರ್ತಿದ್ಯೇನ್ರೀ?" ಅಂದಳು ನರ್ಸ್.

ಅಳು ತಗ್ಗುತ್ತಾ ಬಂದು ಬಿಕ್ಕಳಿಕೆಯಾಯಿತು, ಆಮೇಲೆ ಅದೂ ನಿಂತಿತು. ನರ್ಸ್ ಎಲ್ಲಿಂದಲೋ ಒಂದು ದಪ್ಪ ಹಾಸು ತಂದು ಕಿಟಕಿಗೆ ಕಟ್ಟಿದಳು. ಮಂಚದ ಮೇಲೆ ಮಲಗಿದ್ದವಳು ಇತ್ತ ತಿರುಗಿದಳು.

"ಅತ್ತಿಗೆ, ಇವಳಿಗೆ ಕಣ್ಣು ಕಾಣುತ್ತಾ?"

"ನನಗೆ ಕಾಣೋಷ್ಟು ಕಾಣಬಹುದು."

"ನಿಮಗೆ ಎಷ್ಟು ಕಾಣುತ್ತೆ?"

ಬೆಳ್ಳಕ್ಕಿ ಛತ್ರಿ ಮಡಿಚಿ ಪಕ್ಕಕ್ಕಿಟ್ಟಳು. ಅವಳ ಬಣ್ಣದ ಬಗ್ಗೆ ಎಲ್ಲರೂ ಮಾತಾಡಿದ್ದರು. ಎಷ್ಟು ಕಾಣುತ್ತದೆ ಎಂದು ಮನೆಯಲ್ಲಿ ಯಾರೂ ಕೇಳಿರಲಿಲ್ಲ, ಅಮ್ಮ ಕೂಡ.

"ನೀನು ಅಲ್ಲಿಂದ ಅಳ್ತಿದ್ದೀಯೋ ನಗ್ತಿದ್ದೀಯೋ ನನಗೆ ಗೊತ್ತಾಗಲ್ಲ," ಅಂದಳು. "ಹತ್ತಿರ ಬಂದ್ರೆ ಗೊತ್ತಾಗುತ್ತೆ."

ಆ ಹುಡುಗಿ ಮೊಣಕೈ ಊರಿ ಎದ್ದು ಕೂತಳು, ಕೈ ಚಾಚಿ ಮಗುವನ್ನು ಕೇಳಿದಳು. ಎತ್ತಿಕೊಂಡು ತನ್ನ ಮುಖಕ್ಕೆ ಬಹಳ ಹತ್ತಿರ ಹಿಡಿದಳು, ಬೆಳ್ಳಕ್ಕಿ ಬಟ್ಟೆ ಹಿಡಿಯುವ ಹಾಗೆ.

ಸಂಜೆ ಮಕ್ಕಳ ಡಾಕ್ಟರಮ್ಮ ಬಂದು ಎಲ್ಲರನ್ನೂ ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂರಿಸಿಕೊಂಡು ಹೇಳಿದರು. ಇದು ರೋಗವಲ್ಲ, ಅಂಟುವುದಿಲ್ಲ, ಯಾರನ್ನೋ ನೋಡಿದ್ದರಿಂದ ಬರುವುದಿಲ್ಲ. ಹುಟ್ಟಿನಿಂದಲೇ ಬರುವಂಥದ್ದು. ಅಪ್ಪನಿಂದ ಒಂದು ಪಾಲು, ಅಮ್ಮನಿಂದ ಒಂದು ಪಾಲು, ಎರಡೂ ಕೂಡಿದರೆ ಮಾತ್ರ ಮಗು ಹೀಗೆ ಹುಟ್ಟುತ್ತದೆ. ಒಂದೇ ಪಾಲು ಇದ್ದವರಲ್ಲಿ ಹೊರಗೆ ಏನೂ ಕಾಣುವುದಿಲ್ಲ, ಅದು ತಲೆಮಾರುಗಟ್ಟಲೆ ಒಳಗೇ ಅಡಗಿ ಬರಬಹುದು. ಬಿಸಿಲಿನಿಂದ ಕಾಪಾಡಿ, ಕಣ್ಣು ತೋರಿಸುತ್ತಾ ಇರಿ, ಉಳಿದಂತೆ ಎಲ್ಲ ಮಕ್ಕಳ ಹಾಗೆ ಬೆಳೆಸಿ ಅಂದರು.

ಅಮ್ಮ ಮುಂದಕ್ಕೆ ಬಾಗಿದಳು. "ಇಬ್ಬರದ್ದೂನಾ?"

"ಹೌದಮ್ಮ."

"ಗಂಡಸಿನದ್ದೂನಾ?"

"ಗಂಡಸಿನದ್ದೂ ಬೇಕೇ ಬೇಕು. ಒಬ್ಬರಿಂದಲೇ ಆಗೋದಲ್ಲ ಇದು."

ಅಮ್ಮ ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡಳು. ಇಷ್ಟು ವರ್ಷ ಒಬ್ಬಳೇ ಹೊತ್ತದ್ದರ ಅರ್ಧವನ್ನು ಯಾರೋ ಇಳಿಸಿಕೊಂಡಂತೆ ಅವಳ ಭುಜ ಸಡಿಲವಾಯಿತು. ಆದರೆ ಡಾಕ್ಟರಮ್ಮ ಇನ್ನೊಂದು ಪ್ರಶ್ನೆ ಕೇಳಿದರು. ಸಂಬಂಧದೊಳಗೆ ಮದುವೆಯೇ? ತಮ್ಮ ಹೌದು, ಸೋದರಮಾವನ ಮಗಳು ಅಂದ. ಹಾಗಾದರೆ ಅಡಗಿದ್ದ ಪಾಲುಗಳು ಒಂದಕ್ಕೊಂದು ಸಿಗುವುದು ಸುಲಭ, ಮುಂದಿನ ಮಗುವಿಗೆ ಮೊದಲು ಬಂದು ನನ್ನ ಹತ್ತಿರ ಮಾತಾಡಿ ಎಂದು ಮೆಲ್ಲಗೆ ಹೇಳಿ ಹೋದರು.

ಅವರು ಹೋದ ಮೇಲೆ ಅಮ್ಮ ಬೆಂಚಿನಿಂದ ಏಳಲಿಲ್ಲ. ಡಾಕ್ಟರು ಹೇಳಿದ್ದು ಪೂರ್ತಿ ತಲೆಗೆ ಹೋಗಲಿಲ್ಲ, ಇನ್ನೊಮ್ಮೆ ಹೇಳು ಅಂದಳು ಮಗಳಿಗೆ. ಬೆಳ್ಳಕ್ಕಿ ತನ್ನ ರವಿಕೆಯ ತೋಳಿನ ತುದಿ ಮಗುಚಿ ಒಳಹೊಲಿಗೆ ತೋರಿಸಿದಳು. ಹೊರಗೆ ಬಟ್ಟೆ ಮಾಸಿದೆ, ಒಳಗೆ ಮಡಿಚಿದ ಕಡೆ ಹೊಸದರ ಹಾಗೇ ಇದೆ, ಬಿಚ್ಚುವವರೆಗೆ ಅಲ್ಲೊಂದು ಎಳೆ ಇದೆ ಅಂತ ತೊಟ್ಟವರಿಗೂ ತಿಳಿಯುವುದಿಲ್ಲ, ಅಪ್ಪನ ಹತ್ತಿರವೂ ಹಾಗೆ ಒಂದಿತ್ತು, ನಿನ್ನ ಹತ್ತಿರವೂ ಇತ್ತು ಎಂದಳು. ಅಮ್ಮ ಆ ಹೊಲಿಗೆಯ ಮೇಲೆ ಬೆರಳಾಡಿಸುತ್ತಾ ಕೂತಳು.

"ಹಾಗಾದ್ರೆ ನನ್ನ ಅಣ್ಣನ ಹತ್ತಿರಾನೂ ಇತ್ತು," ಅಂದಳು ಕೊನೆಗೆ. "ನಿನ್ನನ್ನ ಯಾರೂ ಒಂದು ಮಾತು ಅನ್ನಬಾರದು ಅಂತ ಅವಳನ್ನ ತಂದೆ ಕಣೇ. ನಿನಗೋಸ್ಕರ ತಂದೆ."

"ಗೊತ್ತಮ್ಮ."

"ಅದರಿಂದ್ಲೇ ಹೀಗಾಯ್ತು."

"ನೀನು ತಂದದ್ದು ನನಗೋಸ್ಕರ ಆದ್ರೆ, ಈ ಮಗೂನೂ ಸ್ವಲ್ಪ ನನ್ನದು ಅಂತ ಇಟ್ಕೋ."

ಅಮ್ಮ ಕಣ್ಣೊರೆಸಿಕೊಂಡು ಎದ್ದಳು. ಅವತ್ತು ಮೊದಲ ಸಲ ವಾರ್ಡಿನ ಒಳಗೆ ಹೋಗಿ, ಕೂಸಿನ ತಲೆಗೆ ಟೋಪಿ ಎಳೆದು, ಕಿವಿ ಮುಚ್ಚಿತೇ ಎಂದು ಎರಡೆರಡು ಸಲ ನೋಡಿದಳು.

ಮಗು ಮನೆಗೆ ಬಂತು. ಬೆಳ್ಳಕ್ಕಿ ದಿನಾ ಸಂಜೆ ಹೋಗಿ ಬರುತ್ತಿದ್ದಳು. ಯಾರೂ ಅವಳನ್ನು ಬೇಡವೆನ್ನಲಿಲ್ಲ. ಮಂಚದ ಎದುರಿನ ಕ್ಯಾಲೆಂಡರನ್ನು ತಮ್ಮನ ಹೆಂಡತಿಯೇ ಕಿತ್ತು ಕಪಾಟಿನ ತಳಕ್ಕೆ ಹಾಸಿದ್ದಳು. ಕಪ್ಪು ಗುಂಗುರು ಕೂದಲಿನ ಆ ಕೂಸು ಈಗ ಮಡಿಚಿದ ಲಂಗೋಟಿಗಳ ಅಡಿಯಲ್ಲಿ ನಗುತ್ತಿತ್ತು.

ಒಂದು ರಜೆಯ ದಿನ ಬೆಳಿಗ್ಗೆ ತಮ್ಮ ಅವಳನ್ನು ಮುಂದಿನ ಕೋಣೆಗೆ ಕರೆದುಕೊಂಡು ಹೋದ. ಅಲ್ಲಿದ್ದ ಸಾಮಾನೆಲ್ಲ ತೆರವು ಮಾಡಿಸಿದ್ದ. ಗೋಡೆಗೆ ಕಣ್ಣಿಗೆ ಹಿತವಾದ ತಿಳಿಹಸಿರು ಬಣ್ಣ, ಮೂಲೆಯಲ್ಲಿ ಮಂಚ, ಕಿಟಕಿಗೆ ಎರಡು ಪದರದ ದಪ್ಪ ಪರದೆ. ಬೆಳ್ಳಕ್ಕಿ ಪರದೆಯನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು. ಒಳ್ಳೆಯ ಬಟ್ಟೆ, ಅಚ್ಚುಕಟ್ಟಾದ ಹೊಲಿಗೆ. ಅವನು ಆರಿಸಿ ಆರಿಸಿ ತಂದಿದ್ದ.

"ಅಕ್ಕ, ಇನ್ನು ನೀನು ಬಿಸಿಲಲ್ಲಿ ಅಲೀಬೇಕಾಗಿಲ್ಲ. ಲಾಂಡ್ರಿ ಬಿಟ್ಟುಬಿಡು. ಈ ರೂಮು ನಿನ್ನದು. ಪಾಪೂನ ನೋಡ್ಕೊಂಡು ನೆಮ್ಮದಿಯಾಗಿ ಒಳಗಿರು. ಅವಳ ವಿಷಯ ನಿನ್ನಷ್ಟು ಗೊತ್ತಿರೋರು ಇನ್ಯಾರಿದಾರೆ ಹೇಳು."

ಅಮ್ಮ ಬಾಗಿಲಲ್ಲಿ ನಿಂತಿದ್ದಳು. ತಮ್ಮನ ಹೆಂಡತಿ ಮಗುವನ್ನು ತಂದು ಬೆಳ್ಳಕ್ಕಿಯ ಮಡಿಲಲ್ಲಿಟ್ಟಳು. ಮಂಚ ಮೆತ್ತಗಿತ್ತು. ಕೋಣೆ ತಂಪಾಗಿತ್ತು. ಓಣಿಯ ಮೆಟ್ಟಿಲು, ನೀರು ಬಾರದ ನಲ್ಲಿ, ಕಂಬಳಿಯ ಪರದೆ ಎಲ್ಲ ನೆನಪಾಗಿ ಅವಳಿಗೆ ಒಮ್ಮೆ ಹೂಂ ಅಂದುಬಿಡಬೇಕು ಅನ್ನಿಸಿತು. ಮನೆ ಬಿಟ್ಟು ಹೋದ ದಿನದಿಂದ ಕಾದಿದ್ದೂ ಈ ಒಂದು ಮಾತಿಗೇ ಅಲ್ಲವೇ. ಮಗು ಅವಳ ಮುಖದತ್ತ ನೋಡುತ್ತಿತ್ತು. ಅದರ ಕಣ್ಣುಗಳು ಈಗ ಅತ್ತಿತ್ತ ಸಣ್ಣಗೆ ತೂಗಲು ಶುರುವಾಗಿದ್ದವು, ಅವಳ ಕಣ್ಣಿನ ಹಾಗೆಯೇ. ತೂಗುವ ನಾಲ್ಕು ಕಣ್ಣುಗಳು ಒಂದನ್ನೊಂದು ಹುಡುಕಿ ಹಿಡಿದುಕೊಂಡವು.

"ಬೇಡ ಕಣೋ," ಅಂದಳು ಬೆಳ್ಳಕ್ಕಿ.

ತಮ್ಮನ ಮುಖ ಸಪ್ಪಗಾಯಿತು. "ಇನ್ನೂ ಕೋಪ ಇದ್ಯಾ?"

"ಇತ್ತು. ಈಗ್ಲೂ ಇದ್ದಿದ್ರೆ ದಿನಾ ಬರ್ತಿದ್ನಾ?" ಅವಳು ಮಗುವಿನ ಟೋಪಿ ಸರಿಮಾಡಿದಳು. "ಇವಳಿಗೆ ಬುದ್ಧಿ ಬರೋ ಹೊತ್ತಿಗೆ ನಾನು ಈ ಪರದೆ ಹಿಂದೆ ಕೂತಿದ್ರೆ, ನಮ್ಮಂಥೋರ ಜಾಗ ಇದೇ ಅಂದ್ಕೋತಾಳೆ. ಪರದೆ ಇರ್ಲಿ, ಇವಳು ಮಲಗೋದಕ್ಕೆ ಬೇಕು. ನಾನು ಹೊರಗಿಂದಾನೇ ಬರ್ತೀನಿ."

ಅಮ್ಮ ಏನಾದರೂ ಅಂದಾಳೆಂದು ತಮ್ಮ ಅವಳ ಕಡೆ ನೋಡಿದ. ಅಮ್ಮ ಮಗಳನ್ನೇ ನೋಡುತ್ತಿದ್ದಳು.

"ಕಿವಿ?" ಅಂದಳು.

"ಹಚ್ಚಿದ್ದೀನಿ."

ಬೆಳ್ಳಕ್ಕಿ ಮಗುವನ್ನು ಅದರ ತಾಯಿಯ ಕೈಗೆ ಕೊಟ್ಟು, ಚಪ್ಪಲಿ ಮೆಟ್ಟಿ ಹೊರಟಳು. ತಮ್ಮ ಬೈಕಿನ ಕೀಲಿ ಹಿಡಿದು ಹಿಂದೆಯೇ ಬಂದ. ಬಿಸಿಲು ಏರಿದೆ, ಇಷ್ಟಾದರೂ ಮಾಡಲು ಬಿಡು, ನಿನ್ನ ಕೋಣೆಯವರೆಗೆ ಬಿಟ್ಟುಬರುತ್ತೇನೆ ಅಂದ. ಅವಳು ಬೇಡವೆಂದು ತಲೆಯಾಡಿಸಿ ಛತ್ರಿ ಬಿಚ್ಚಿದಳು. ತಮ್ಮನ ಹೆಂಡತಿ ಮಗುವನ್ನೆತ್ತಿಕೊಂಡು ಬಾಗಿಲ ನೆರಳಲ್ಲಿ ನಿಂತಿದ್ದಳು.

"ನಡ್ಕೊಂಡೇ ಹೋಗ್ತೀನಿ. ಅವಳು ನೋಡ್ಲಿ."

"ಅಷ್ಟು ದೂರ ಅವಳಿಗೆಲ್ಲಿ ಕಾಣುತ್ತೆ ಅಕ್ಕ?"

"ದೊಡ್ಡವಳಾದ್ಮೇಲೆ ನಾನು ಕಾಣದೇ ಇದ್ರೂ," ಅಂದಳು ಬೆಳ್ಳಕ್ಕಿ, "ಕಪ್ಪು ಛತ್ರಿ ಕಾಣುತ್ತೆ ಬಿಡು."